ಮುಚ್ಚಿದ ಸಂಗ್ರಹಾಲಯ ಊರಿಗೆ ಹೇಳಬೇಕಾದದ್ದು

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಚಿಕ್ಕದೊಂದು ಕಲಾ ಸಂಗ್ರಹಾಲಯ ದುರಸ್ತಿಗೆಂದು ಬಾಗಿಲು ಹಾಕಿ ಮೂರು ಮಳೆಗಾಲ ಕಳೆದವು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸಲು ಈ ಪತ್ರ ಬರೆಯುತ್ತಿಲ್ಲ, ಮತ್ತು ಅದನ್ನು ಮುಚ್ಚಿದ್ದು ತಪ್ಪು ಎಂದೂ ನಾನು ಹೇಳುವುದಿಲ್ಲ. ಮಾಡು ಸೋರುತ್ತಿತ್ತು, ಆಷಾಢದಲ್ಲಿ ಗೋಡೆಗಳು ಬೆವರುತ್ತಿದ್ದವು, ಮರದ ಕಪಾಟುಗಳ ಹಿಂಬದಿಗೆ ಗೆದ್ದಲು ಹತ್ತಿತ್ತು. ಅಂಥ ಕಟ್ಟಡದಲ್ಲಿ ಬೆಂಡಿನ ಬಾಸಿಂಗ, ಯಕ್ಷಗಾನದ ಕಿರೀಟ, ಚಿತ್ತಾರದ ಬುಟ್ಟಿ, ಹಳೆಯ ಕೌದಿಗಳನ್ನು ಇಟ್ಟುಕೊಂಡು ಜನರನ್ನು ಒಳಗೆ ಬಿಡುತ್ತಿದ್ದರೆ ಇನ್ನೆರಡು ವರ್ಷದಲ್ಲಿ ನೋಡಲು ಏನೂ ಉಳಿಯುತ್ತಿರಲಿಲ್ಲ. ನನ್ನ ಅಳಲು ಬೇರೆಯದು. ಬಾಗಿಲು ಹಾಕಿದ ದಿನವೇ ಆ ಸಂಸ್ಥೆಗೂ ಸುತ್ತಲಿನ ಊರುಗಳಿಗೂ ನಡುವೆ ಇದ್ದ ಮಾತು ನಿಂತುಹೋಯಿತು. ಒಳಗಿದ್ದ ವಸ್ತುಗಳು ಈಗ ಎಲ್ಲಿವೆ, ಯಾರು ನೋಡಿಕೊಳ್ಳುತ್ತಿದ್ದಾರೆ, ಯಾವಾಗ ಮರಳುತ್ತವೆ ಎಂಬುದನ್ನು ಅವುಗಳನ್ನು ಕೊಟ್ಟ ಮನೆಗಳಿಗೆ ಇದುವರೆಗೆ ಯಾರೂ ತಿಳಿಸಿಲ್ಲ.

ಇದನ್ನು ನಾನು ದೂರದಿಂದ ನೋಡಿ ಬರೆಯುತ್ತಿಲ್ಲ. ಆ ಸಂಗ್ರಹದಲ್ಲಿ ನನ್ನ ಅಜ್ಜಿಯ ಒಂದು ಬುಟ್ಟಿ ಇದೆ.

ಸಿದ್ದಾಪುರ ತಾಲ್ಲೂಕಿನ ದೀವರ ಸಮುದಾಯದ ಮನೆಯಲ್ಲಿ ಹುಟ್ಟಿದ ನನಗೆ ಚಿತ್ತಾರವು ಕಲೆ ಎಂಬ ಹೆಸರಿನಿಂದ ಪರಿಚಯವಾಗಲಿಲ್ಲ. ಹೊರಗಿನವರು ಸೀಗೆ ಹುಣ್ಣಿಮೆ ಎನ್ನುವ, ನಾವು ಭೂಮಿ ಹುಣ್ಣಿಮೆ ಎನ್ನುವ ಹಬ್ಬ ಹತ್ತಿರ ಬಂತೆಂದರೆ ಅಜ್ಜಿ ಅಟ್ಟದಿಂದ ಬುಟ್ಟಿ ಇಳಿಸಿ, ಸಗಣಿ ಸಾರಿಸಿ ಒಣಗಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿಯನ್ನು ತೆಂಗಿನ ಕರಟದಲ್ಲಿ ಇಟ್ಟುಕೊಂಡು ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯಲು ಕೂರುತ್ತಿದ್ದಳು. ಏಣಿ ನಿಲಿ ಯಾವುದು, ಜೋಗಿ ಜಡೆ ಯಾವುದು, ಬಸವನ ಪಾದ ಎಲ್ಲಿ ಬರಬೇಕು ಎಂಬುದನ್ನು ಅವಳು ಬಾಯಿಬಿಟ್ಟು ಕಲಿಸಿದ ನೆನಪಿಲ್ಲ. ನಾವು ಪಕ್ಕದಲ್ಲಿ ಕೂತು ನೋಡಿದ್ದೇ ಪಾಠ. ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ತೆನೆ ತುಂಬುತ್ತಿರುವ ಭತ್ತಕ್ಕೆ ಪೂಜೆ ಮಾಡಿ ಚರಗ ಚೆಲ್ಲಿ ಬರುತ್ತಿದ್ದೆವು. ಮುಂದಿನ ವರ್ಷ ಅದೇ ಬುಟ್ಟಿಗೆ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು, ಮತ್ತೆ ಹೊಸ ಗೆರೆ. ಹಾಗಾಗಿ ನಮ್ಮ ಮನೆಗಳಲ್ಲಿ ಹಳೆಯ ಚಿತ್ತಾರ ಎಂಬುದು ಉಳಿಯುವುದೇ ಇಲ್ಲ. ಗೋಡೆಯ ಹಸೆಯೂ ಅಷ್ಟೇ, ಮುಂದಿನ ಮದುವೆಗೆ ಅಳಿದು ಹೊಸದಾಗುತ್ತದೆ.

ತೊಂಬತ್ತರ ದಶಕದಲ್ಲಿ ಒಂದು ವರ್ಷ ಹಬ್ಬ ಕಳೆದ ವಾರವೇ ಸಂಗ್ರಹಾಲಯದವರು ಬಂದು ಬುಟ್ಟಿ ಕೇಳಿದರು. ಅಜ್ಜಿ ಹಣ ತೆಗೆದುಕೊಳ್ಳದೆ ಕೊಟ್ಟಳು. ಮುಂದಿನ ಹಬ್ಬಕ್ಕೆ ಬೇರೆ ಬುಟ್ಟಿ ತಂದಳಾದರೂ ಕೈ ನಡುಗುತ್ತಿದ್ದುದರಿಂದ ಗೆರೆಗಳನ್ನು ನನ್ನ ತಾಯಿ ಎಳೆದಳು, ಅದರ ಮರುವರ್ಷ ಅಜ್ಜಿ ಇರಲಿಲ್ಲ. ಹೀಗಾಗಿ ಅವಳ ಕೈಬರಹ ಎಂದು ಈ ಭೂಮಿಯ ಮೇಲೆ ಉಳಿದಿರುವುದು ಆ ಒಂದು ಬುಟ್ಟಿಯ ಮೇಲಿನ ಅಕ್ಕಿಹಿಟ್ಟಿನ ಗೆರೆಗಳು ಮಾತ್ರ. ನಾನು ಶಿಕ್ಷಕಿಯಾಗಿದ್ದ ಕಾಲದಲ್ಲಿ ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸುತ್ತಿದ್ದೆ. ಬಾಗಿಲು ಮುಚ್ಚಿದ ಮೇಲೆ ಎರಡು ಸಲ ವಿಚಾರಿಸಲು ಹೋದೆ. ಒಬ್ಬರು ವಸ್ತುಗಳನ್ನೆಲ್ಲ ಬೇರೆ ಕಡೆ ಸಾಗಿಸಿದ್ದೇವೆ ಎಂದರು; ಎಲ್ಲಿಗೆ ಎಂದು ಅವರಿಗೆ ತಿಳಿದಿರಲಿಲ್ಲ. ಇನ್ನೊಬ್ಬರು ಪಟ್ಟಿ ಇನ್ನೂ ಆಗಬೇಕಷ್ಟೇ ಎಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತನಾಡಿದರು. ಆದರೆ ಬಸ್ಸಿನಲ್ಲಿ ಮರಳುವಾಗ ನನಗೆ ಅನ್ನಿಸಿದ್ದು, ಕೊಡುವಾಗ ಅಜ್ಜಿಯ ಅಂಗಳಕ್ಕೆ ಬಂದು ಕೂತು ಚಹಾ ಕುಡಿದು ಹೋದ ಸಂಸ್ಥೆ ಈಗ ಒಂದು ಪೋಸ್ಟ್ ಕಾರ್ಡನ್ನಾದರೂ ಬರೆಯಬಹುದಿತ್ತಲ್ಲ ಎಂದು.

ಶಿರಸಿಯ ಸುತ್ತ ಬದುಕುವವರಿಗೆ ಮುಚ್ಚಿದ ಬಾಗಿಲು ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಗೆ ಮುನ್ನ ಮರದ ಮೂರ್ತಿಯನ್ನು ವಿಸರ್ಜಿಸಿ ಹೊಸ ಬಣ್ಣಕ್ಕೆ ಅಣಿಗೊಳಿಸುತ್ತಾರೆ. ಆಮೇಲೆ ಜಾತ್ರೆಯಲ್ಲಿ ದೇವಿ ರಥವೇರಿ ಬಿಡಕಿ ಬೈಲಿನ ಗದ್ದುಗೆಗೆ ಬರುತ್ತಾಳೆ, ಲಕ್ಷಾಂತರ ಜನ ಉಡಿ ತುಂಬುತ್ತಾರೆ, ಮತ್ತು ಜಾತ್ರೆ ಮುಗಿದ ಮೇಲೆ ಯುಗಾದಿಯ ಮರುಪ್ರತಿಷ್ಠೆಯವರೆಗೆ ದರ್ಶನ ಇರುವುದಿಲ್ಲ. ಆ ದಿನಗಳಲ್ಲಿ ಗುಡಿಗೂ ಊರಿಗೂ ಸಂಬಂಧ ಕಡಿಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ಯಾವ ದಿನ ಏನು ನಡೆಯುತ್ತದೆ, ಯಾರ ಮನೆತನಕ್ಕೆ ಯಾವ ಕೆಲಸ, ದೇವಿ ಮತ್ತೆ ಯಾವ ದಿನ ಕೂರುತ್ತಾಳೆ ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತಿರುತ್ತದೆ. ದೇವಸ್ಥಾನವೂ ಸಂಗ್ರಹಾಲಯವೂ ಒಂದೇ ಎಂದು ನಾನು ಹೇಳಲಾರೆ. ಭಕ್ತಿ ಬೇರೆ, ಕುತೂಹಲ ಬೇರೆ. ಆದರೆ ಮುಚ್ಚಿದ ಅವಧಿಯಲ್ಲಿ ಒಳಗೆ ಏನು ನಡೆಯುತ್ತಿದೆ ಎಂಬ ತಿಳಿವಳಿಕೆ ಜನರ ಬಳಿ ಇದ್ದರೆ ಕಾಯುವುದು ಕಷ್ಟವಾಗುವುದಿಲ್ಲ, ಮತ್ತು ತೆರೆಯುವ ದಿನ ಯಾರನ್ನೂ ಆಮಂತ್ರಣ ಪತ್ರಿಕೆ ಕೊಟ್ಟು ಕರೆಯಬೇಕಾಗುವುದಿಲ್ಲ.

ದೂರದ ದೇಶಗಳ ದೊಡ್ಡ ಸಂಗ್ರಹಾಲಯಗಳಿಗೂ ಇದೇ ಪ್ರಶ್ನೆ ಎದುರಾಗಿದೆ. ಅವುಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಬಂದರು ನಗರ ರೋಟರ್‌ಡ್ಯಾಮ್‌ನ ಬೊಯ್ಮನ್ಸ್ ವಾನ್ ಬ್ಯೂನಿಂಗೆನ್ ಸಂಗ್ರಹಾಲಯದ ಕಥೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಹಳೆಯ ಕಟ್ಟಡದ ದುರಸ್ತಿಗಾಗಿ, ಅದರಲ್ಲಿದ್ದ ಕಲ್ನಾರನ್ನು ತೆಗೆಯುವುದಕ್ಕಾಗಿ ಅದು 2019ರಲ್ಲಿ ಮುಚ್ಚಿತು, ಮತ್ತು ಆ ಕೆಲಸ ಹಲವು ವರ್ಷ ಹಿಡಿಯುತ್ತದೆ ಎಂದು ಮೊದಲೇ ಗೊತ್ತಿತ್ತು. ಆಗ ಅವರು ತಮ್ಮ ಚಿತ್ರಗಳನ್ನು ಅದೇ ನಗರದ ಬೇರೆ ಬೇರೆ ಸಂಸ್ಥೆಗಳಿಗೆ ಕೊಂಡೊಯ್ದು, ಅಲ್ಲಿನ ವಸ್ತುಗಳ ಜೊತೆಗೇ ಪ್ರದರ್ಶಿಸಿದರು. ಆ ಕಾರ್ಯಕ್ರಮಕ್ಕೆ ಇಟ್ಟ ಹೆಸರಿನ ಅರ್ಥ ‘ಬೊಯ್ಮನ್ಸ್ ನೆರೆಮನೆಯಲ್ಲಿ’ ಎಂದು. ಶಾಲೆಗಳ ತರಗತಿಗಳಿಗೂ ಹೋದರು. 2020ರಲ್ಲಿ ಸಾಂಕ್ರಾಮಿಕದ ದಿನಗಳಲ್ಲಿ ದೊಡ್ಡದೊಂದು ಸಭಾಂಗಣದಲ್ಲಿ ಕಲಾಕೃತಿಗಳನ್ನಿಟ್ಟು, ಜನರು ವಿದ್ಯುತ್ ಕಾರಿನಲ್ಲಿ ಕುಳಿತೇ ನೋಡಿಕೊಂಡು ಹೋಗುವ ಏರ್ಪಾಡು ಮಾಡಿದರು. 2021ರ ನವೆಂಬರ್‌ನಲ್ಲಿ, ಮುಖ್ಯ ಕಟ್ಟಡ ಇನ್ನೂ ಮುಚ್ಚಿರುವಾಗಲೇ, ಅದರ ಪಕ್ಕದಲ್ಲಿ ಕನ್ನಡಿ ಹೊದಿಸಿದ ಬಟ್ಟಲಿನಾಕಾರದ ಉಗ್ರಾಣವೊಂದನ್ನು ಸಾರ್ವಜನಿಕರಿಗೆ ತೆರೆದರು. ಸಂಗ್ರಹದ 1,51,000ಕ್ಕೂ ಹೆಚ್ಚಿನ ವಸ್ತುಗಳು ಅಲ್ಲಿ ಇವೆ.

ಆ ಉಗ್ರಾಣದ ವಿಶೇಷ ನಮಗೆ ಪಾಠವಾಗಬಲ್ಲದು. ಸಾಮಾನ್ಯವಾಗಿ ಸಂಗ್ರಹಾಲಯದಲ್ಲಿ ನಾವು ನೋಡುವುದು ಅಲ್ಲಿರುವುದರ ಚಿಕ್ಕದೊಂದು ಪಾಲು. ಉಳಿದದ್ದು ಹಿಂದಿನ ಕೋಣೆಗಳಲ್ಲಿ ಇರುತ್ತದೆ. ರೋಟರ್‌ಡ್ಯಾಮ್‌ನಲ್ಲಿ ಆ ಹಿಂದಿನ ಕೋಣೆಯನ್ನೇ ಜನರಿಗೆ ತೋರಿಸಿದರು. ಅಲ್ಲಿ ವಸ್ತುಗಳನ್ನು ಕಲಾವಿದರ ಹೆಸರಿನ ಮೇಲೆ ಅಥವಾ ಕಾಲದ ಮೇಲೆ ಜೋಡಿಸಿಲ್ಲ. ಲೋಹಕ್ಕೆ ಎಷ್ಟು ತೇವ ಸಲ್ಲುತ್ತದೆ, ಮರ ಮತ್ತು ಬಟ್ಟೆಗೆ ಎಷ್ಟು, ಛಾಯಾಚಿತ್ರಕ್ಕೆ ಎಷ್ಟು ತಂಪು ಬೇಕು ಎಂಬುದನ್ನು ನೋಡಿ, ಐದು ಬಗೆಯ ಹವೆಗೆ ತಕ್ಕಂತೆ ವಿಂಗಡಿಸಿದ್ದಾರೆ. ನೋಡಲು ಬಂದವರ ಎದುರಿಗೇ ದುರಸ್ತಿ ಮಾಡುವವರು ಕೆಲಸ ಮಾಡುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಗಳ ಅಟ್ಟ. ಮಳೆಗಾಲಕ್ಕೆ ಮುಂಚೆ ಯಾವುದನ್ನು ಒಲೆಯ ಹೊಗೆ ತಾಗುವಲ್ಲಿ ಇಡಬೇಕು, ಯಾವುದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಬೇಕು ಎಂಬುದು ಮಲೆನಾಡಿನ ಮತ್ತು ಕರಾವಳಿಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಬುಟ್ಟಿಗೆ ಬೂಷ್ಟು ಬಂದಾಗ ಏನು ಮಾಡಬೇಕು ಎಂದು ಸಂಗ್ರಹಾಲಯದವರು ಅವರನ್ನು ಒಂದು ಮಾತು ಕೇಳಿದ್ದರೆ, ಹೊಗೆ ಹಾಕುವುದು ಚಿತ್ರಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಾದರೂ ನಡೆಯುತ್ತಿತ್ತು. ಅಂಥ ಚರ್ಚೆಗೆ ಕಟ್ಟಡದ ಬಾಗಿಲು ತೆರೆದಿರಬೇಕಾಗಿಲ್ಲ.

ನಮ್ಮಲ್ಲಿ ರೋಟರ್‌ಡ್ಯಾಮ್‌ನಷ್ಟು ಹಣ ಇಲ್ಲ ಎಂದು ಕೂಡಲೇ ಹೇಳುವವರಿದ್ದಾರೆ, ಅವರ ಮಾತು ನಿಜ. ಕನ್ನಡಿಯ ಕಟ್ಟಡವನ್ನು ನಾನು ಕೇಳುತ್ತಿಲ್ಲ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ 2015ರಲ್ಲಿ ಒಂದು ಬಸ್ಸನ್ನೇ ಪುಟ್ಟ ಸಂಗ್ರಹಾಲಯವಾಗಿ ಮಾರ್ಪಡಿಸಿ ಮಹಾರಾಷ್ಟ್ರದ ಶಾಲೆಗಳಿಗೂ ಹಳ್ಳಿಗಳಿಗೂ ಕಳುಹಿಸಲು ತೊಡಗಿತು. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ತನ್ನ ಕಟ್ಟಡ ಸಿದ್ಧವಾಗುವ ಮೊದಲೇ, 2020ರ ಡಿಸೆಂಬರ್‌ನಲ್ಲಿ, ಅಂತರ್ಜಾಲದಲ್ಲಿ ತೆರೆದುಕೊಂಡಿತು. ಕಸ್ತೂರಬಾ ರಸ್ತೆಯ ಕಟ್ಟಡಕ್ಕೆ ಜನರು ಕಾಲಿಟ್ಟದ್ದು 2023ರ ಫೆಬ್ರವರಿಯಲ್ಲಿ. ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅದು ಬಾಗಿಲಿಲ್ಲದೆಯೇ ಸಂಗ್ರಹಾಲಯವಾಗಿತ್ತು. ಬಸ್ಸೂ ಜಾಲತಾಣವೂ ನಮ್ಮ ಚಿಕ್ಕ ಸಂಸ್ಥೆಗೆ ಭಾರ ಎನ್ನುವುದಾದರೆ, ಬಾಡಿಗೆ ಟೆಂಪೊ ಒಂದರಲ್ಲಿ ಹತ್ತು ದೊಡ್ಡ ಛಾಯಾಚಿತ್ರಗಳನ್ನು ಹಾಕಿಕೊಂಡು ಕಾರವಾರದ ರವಿವಾರದ ಸಂತೆಗೆ, ಅಂಕೋಲೆಯ ಬಂಡಿಹಬ್ಬಕ್ಕೆ, ಬಿಡಕಿ ಬೈಲಿನ ಜಾತ್ರೆ ಪೇಟೆಗೆ ಹೋಗಿ ಬರುವುದು ಭಾರವಾಗಲಾರದು.

ಮೂಲ ವಸ್ತುಗಳನ್ನೇ ಹಾಗೆ ಹೊತ್ತು ತಿರುಗಬೇಕು ಎಂದು ನಾನು ಹೇಳುವುದಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬೆಂಡಿನ ಕೆಲಸವನ್ನು ಸಾಗಿಸುವುದು ಹುಡುಗಾಟವಲ್ಲ. ಸುಗ್ಗಿ ಕುಣಿತದ ತುರಾಯಿಯ ಬೆಂಡಿನ ಹೂಗಳು ಗಾಳಿಗೇ ಮುರಿಯುತ್ತವೆ, ಕಿರೀಟದ ಬೇಗಡೆ ಬೆರಳು ತಾಗಿದರೂ ಮಸುಕಾಗುತ್ತದೆ. ಜೋಪಾನ ಮಾಡುವವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಛಾಯಾಚಿತ್ರ ಹಾಳಾದರೆ ಇನ್ನೊಂದು ಪ್ರತಿ ತೆಗೆಯಬಹುದು, ಮತ್ತು ನಾನು ಮುಖ್ಯವೆಂದು ತಿಳಿದಿರುವ ಕೆಲಸಕ್ಕೆ ಛಾಯಾಚಿತ್ರವೇ ಸಾಕು.

ಆ ಕೆಲಸ ಯಾವುದೆಂದು ವಿವರಿಸುತ್ತೇನೆ. ಸಂಗ್ರಹಾಲಯ ತೆರೆದಿದ್ದಾಗ ಅಜ್ಜಿಯ ಬುಟ್ಟಿಯ ಕೆಳಗೆ ಒಂದು ಚೀಟಿ ಇತ್ತು: ‘ಅಲಂಕೃತ ಬುಟ್ಟಿ, ಮಲೆನಾಡು.’ ಅಷ್ಟೇ. ಬರೆದವಳ ಹೆಸರಿಲ್ಲ, ಊರಿಲ್ಲ, ಯಾವ ಹಬ್ಬದ್ದೆಂದು ಇಲ್ಲ, ಗೆರೆಗಳಿಗೆ ಹೆಸರಿವೆ ಎಂಬ ಸುಳಿವೂ ಇಲ್ಲ. ಪಕ್ಕದಲ್ಲಿದ್ದ ಕೌದಿಯ ಚೀಟಿಯಲ್ಲಿ ‘ಸಿದ್ದಿ ಜನಾಂಗದ ಹೊದಿಕೆ’ ಎಂದಿತ್ತು. ಯಲ್ಲಾಪುರ ಅಥವಾ ಹಳಿಯಾಳ ಕಡೆಯ ಯಾವುದೋ ತಾಯಿ ತನ್ನ ಮನೆಯವರ ಹಳೆಯ ಬಟ್ಟೆಗಳನ್ನು ಒಂದೊಂದಾಗಿ ಹೊಲಿದು, ಹುಟ್ಟಲಿರುವ ಮಗುವಿಗೆಂದೋ ಮಗಳ ಮದುವೆಗೆಂದೋ ಮಾಡಿದ್ದ ಅದಕ್ಕೆ ಆ ಮೂರು ಪದಗಳೇ ಪರಿಚಯ. ಬಾಸಿಂಗಕ್ಕೆ ‘ಗುಡಿಗಾರರ ಕೆಲಸ’ ಎಂದಿತ್ತು, ಯಾವ ಮನೆತನದ ಯಾರ ಕೈಯದು ಎಂಬುದಿರಲಿಲ್ಲ. ದೊಡ್ಡ ಚಿತ್ರಕಾರರ ಚಿತ್ರಕ್ಕೆ ಹೆಸರು ಬರೆಯುವುದನ್ನು ಯಾವ ಸಂಗ್ರಹಾಲಯವೂ ಮರೆಯುವುದಿಲ್ಲ. ಈ ಹೆಸರುಗಳು ಬಿಟ್ಟುಹೋದದ್ದು ದುರುದ್ದೇಶದಿಂದಲ್ಲ. ತೆರೆದಿದ್ದ ದಿನಗಳಲ್ಲಿ ಟಿಕೆಟ್ ಹರಿಯುವುದು, ಕಸ ಗುಡಿಸುವುದು, ಬಂದ ಅಧಿಕಾರಿಗಳಿಗೆ ತೋರಿಸುವುದು, ಇವುಗಳ ನಡುವೆ ಒಬ್ಬಿಬ್ಬರು ಸಿಬ್ಬಂದಿಗೆ ಹಳ್ಳಿಗೆ ಹೋಗಿ ಕೇಳುವ ಬಿಡುವಿರಲಿಲ್ಲ. ಮುಚ್ಚಿದ ಮೇಲೆ ಆ ಬಿಡುವು ಸಿಕ್ಕಿತ್ತು. ಮೂರು ಮಳೆಗಾಲಗಳಷ್ಟು ಸಿಕ್ಕಿತ್ತು.

ಆ ಬಿಡುವಿನಲ್ಲಿ ಪ್ರತಿ ವಸ್ತುವಿನ ಚಿತ್ರ ಹಿಡಿದುಕೊಂಡು ಅದು ಬಂದ ಊರಿಗೆ ಮರಳಿ ಹೋಗಬೇಕಿತ್ತು ಎಂಬುದೇ ನಾನು ಹೇಳಬೇಕೆಂದಿರುವ ಮಾತು. ಇದನ್ನು ಯಾರು ಮಾಡಿದರು, ಯಾವಾಗ, ಯಾರಿಗಾಗಿ, ಇದಕ್ಕೆ ನೀವು ಏನನ್ನುತ್ತೀರಿ, ಈಗಲೂ ಮಾಡುವವರಿದ್ದಾರೆಯೇ ಎಂದು ಕೇಳಬೇಕಿತ್ತು. ನಮ್ಮ ಕೇರಿಯಲ್ಲೇ ಎಂಬತ್ತು ದಾಟಿದ ಇಬ್ಬರು ಹೆಂಗಸರಿದ್ದಾರೆ. ಬುಟ್ಟಿಯ ಗೆರೆ ನೋಡಿ ಇದು ಇಂಥ ಊರಿನಿಂದ ಬಂದ ಸೊಸೆಯ ಕೈ ಎಂದು ಹೇಳಬಲ್ಲರು. ಅವರು ಇನ್ನೆಷ್ಟು ಹಬ್ಬ ನೋಡುತ್ತಾರೋ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು, ಅವರ ಹಾಡುಗಳನ್ನು ಅನೇಕರು ಕೇಳಿ ಬರೆದುಕೊಂಡಿದ್ದರು, ಹಾಗಾಗಿ ಒಂದಷ್ಟು ಉಳಿದಿದೆ. ಪ್ರಶಸ್ತಿ ಬಾರದ, ಯಾರೂ ಕೇಳದ ಹಾಲಕ್ಕಿ ಅಜ್ಜಿಯರು, ಸಿದ್ದಿ ಅಜ್ಜಿಯರು, ದೀವರ ಅಜ್ಜಿಯರು ಹೋದಾಗ ಅವರ ಜೊತೆ ಏನು ಹೋಯಿತು ಎಂಬುದರ ಲೆಕ್ಕ ಇಡುವವರಿಲ್ಲ. ಹೀಗಿರುವಾಗ ದುರಸ್ತಿ ತಡವಾದಷ್ಟೂ ನಷ್ಟವಾಗುತ್ತಿರುವುದು ಕಟ್ಟಡಕ್ಕಿಂತ ಹೆಚ್ಚಾಗಿ ಈ ತಿಳಿವಳಿಕೆ.

ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿ ಸಂಗ್ರಹಾಲಯ ಎಂದರೇನು ಎಂಬುದಕ್ಕೆ ಹೊಸ ವ್ಯಾಖ್ಯೆ ಒಪ್ಪಿಕೊಂಡಿತು. ಸಮುದಾಯಗಳ ಪಾಲ್ಗೊಳ್ಳುವಿಕೆಯೊಂದಿಗೆ ಕೆಲಸ ಮಾಡಬೇಕು ಎಂಬ ಮಾತು ಅದರಲ್ಲಿ ಸೇರಿದೆ. ಆ ಮಾತಿನ ಅರ್ಥ ಉದ್ಘಾಟನೆಯ ದಿನ ವೇದಿಕೆಯ ಮೇಲೆ ಎರಡು ಸುಗ್ಗಿ ತಂಡಗಳನ್ನು ಕುಣಿಸುವುದು ಎಂದಾಗಬಾರದು. ಈಚೆಗೆ ಇನ್ನೊಂದು ಸಲಹೆಯೂ ಕೇಳಿಬಂತು: ದುರಸ್ತಿ ನಡೆಯುವ ಜಾಗಕ್ಕೆ ಅಡ್ಡಗಟ್ಟಿರುವ ತಗಡಿನ ಮೇಲೆ ನಮ್ಮ ಹೆಣ್ಣುಮಕ್ಕಳಿಂದ ಚಿತ್ತಾರ ಬರೆಸಬೇಕು ಎಂದು. ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದು, ಆದರೂ ನನಗೆ ಅದು ಒಪ್ಪಿಗೆಯಾಗಲಿಲ್ಲ. ತಗಡಿಗೆ ಅಕ್ಕಿಹಿಟ್ಟು ಹಿಡಿಯುವುದಿಲ್ಲ, ಎಣ್ಣೆಬಣ್ಣ ಕೊಡಬೇಕಾಗುತ್ತದೆ. ಕೆಲಸ ಮುಗಿದ ದಿನ ಆ ತಗಡು ಗುಜರಿಗೆ ಹೋಗುತ್ತದೆ. ಮತ್ತು ಬರೆದವರಿಗೆ ಒಳಗಿರುವ ತಮ್ಮ ಅಜ್ಜಿಯರ ಬುಟ್ಟಿ ಎಲ್ಲಿದೆ ಎಂಬ ಪ್ರಶ್ನೆಗೆ ಆಗಲೂ ಉತ್ತರ ಸಿಕ್ಕಿರುವುದಿಲ್ಲ.

ಅದರ ಬದಲು ದುರಸ್ತಿಯನ್ನೇ ಜನರಿಗೆ ತೋರಿಸಬಹುದು. ಕರಾವಳಿಯ ಹಳೆಯ ಗುಡಿಗಳ ಗೋಡೆಗಳಲ್ಲಿ, ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿಯೂ, ಕಾವಿ ಚಿತ್ರಗಳಿವೆ. ಚಿಪ್ಪು ಸುಟ್ಟ ಸುಣ್ಣವನ್ನು ದಿನಗಟ್ಟಲೆ ಕೊಳೆಯಲಿಟ್ಟು ಗೋಡೆಗೆ ಮೆತ್ತಿ, ಅದರ ಮೇಲೆ ಕೆಂಪು ಮಣ್ಣಿನ ತೆಳು ಪದರ ಕೊಟ್ಟು, ಹಸಿಯಾಗಿರುವಾಗಲೇ ಲೋಹದ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತರುವ ಕಲೆ ಅದು. ಜೀರ್ಣೋದ್ಧಾರದ ಹೆಸರಿನಲ್ಲಿ ಇಂಥ ಗೋಡೆಗಳು ಎಷ್ಟೋ ಕಡೆ ಒಡೆದು ಹೋಗಿವೆ ಅಥವಾ ಎಣ್ಣೆಬಣ್ಣದ ಕೆಳಗೆ ಮುಚ್ಚಿಹೋಗಿವೆ. ನಮ್ಮ ಸಂಗ್ರಹಾಲಯದ ಕಟ್ಟಡವೂ ಕೆಂಪುಕಲ್ಲು, ಸುಣ್ಣದ ಗಾರೆ, ಹಂಚಿನ ಮಾಡಿನದ್ದೇ. ಅದನ್ನು ಸಿಮೆಂಟಿನಲ್ಲಿ ಮುಚ್ಚದೆ ಸುಣ್ಣದಲ್ಲಿಯೇ ಸರಿಪಡಿಸುವುದಾದರೆ, ಗಾರೆ ಕಲಸುವ ದಿನ ಸುತ್ತಲಿನ ಪ್ರೌಢಶಾಲೆಯ ಮಕ್ಕಳನ್ನು ಕರೆಯಬಹುದು. ಗಾರೆ ಕೆಲಸದ ಹಿರಿಯರು ಇನ್ನೂ ಇದ್ದಾರೆ, ಅವರನ್ನೇ ಮಾತನಾಡಿಸಬಹುದು. ಕಾವಿಯ ಬಗ್ಗೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಒಂದು ಗಂಟೆ ಹೇಳಿದರೂ ಮಕ್ಕಳಿಗೆ ತಿಳಿಯದ್ದು ಹಸಿ ಗಾರೆಗೆ ಒಂದು ಸಲ ಮೊಳೆ ತಾಗಿಸಿದರೆ ತಿಳಿಯುತ್ತದೆ ಎಂದು ಶಿಕ್ಷಕಿಯಾಗಿ ನಾನು ಬಲ್ಲೆ.

ಒಂದು ಭಯವನ್ನೂ ಮುಚ್ಚಿಡದೆ ಹೇಳಬೇಕು. ದುರಸ್ತಿಗೆಂದು ಮುಚ್ಚಿದ್ದು ಮತ್ತೆ ತೆರೆಯದೇ ಹೋಗಬಹುದು ಎಂಬ ಮಾತು ಊರಿನಲ್ಲಿ ಹರಡುತ್ತಿದೆ. ಅದು ನಿಜವಾದರೆ ಏನು ಮಾಡಬೇಕು ಎಂಬುದಕ್ಕೂ ಜಗತ್ತಿನಲ್ಲಿ ಉದಾಹರಣೆ ಇದೆ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1869ರಲ್ಲಿ ಸ್ಥಾಪನೆಯಾದ ಕಾರ್ಕೊರನ್ ಕಲಾ ಗ್ಯಾಲರಿ ಹಣಕಾಸಿನ ಮುಗ್ಗಟ್ಟಿನಿಂದ 2014ರಲ್ಲಿ ಶಾಶ್ವತವಾಗಿ ಮುಚ್ಚಿತು. ಅಲ್ಲಿನ ಕೆಲವು ನಾಗರಿಕರು ಗುಂಪು ಕಟ್ಟಿಕೊಂಡು ನ್ಯಾಯಾಲಯಕ್ಕೆ ಹೋದರು; ಮುಚ್ಚುವುದನ್ನು ತಡೆಯಲು ಅವರಿಗೆ ಆಗಲಿಲ್ಲ. ಆದರೆ ಎಲ್ಲವೂ ಬೆಳಕಿನಲ್ಲಿ ನಡೆಯಿತು. ಸಂಗ್ರಹದ ದೊಡ್ಡ ಭಾಗವನ್ನು ಅದೇ ನಗರದ ನ್ಯಾಷನಲ್ ಗ್ಯಾಲರಿ ತೆಗೆದುಕೊಂಡಿತು, ಉಳಿದವುಗಳಲ್ಲಿ ಸುಮಾರು 9,000 ಕೃತಿಗಳು 2018ರಲ್ಲಿ ಅಮೆರಿಕನ್ ವಿಶ್ವವಿದ್ಯಾಲಯಕ್ಕೆ ಸಂದವು, ಮಿಕ್ಕವು ಬೇರೆ ಸಂಸ್ಥೆಗಳಿಗೆ ಹಂಚಿಹೋದವು. ನೂರ ನಲವತ್ತೈದು ವರ್ಷದ ಸಂಸ್ಥೆಯೊಂದು ಇಲ್ಲವಾದದ್ದು ದುಃಖದ ಸಂಗತಿ. ಆದರೂ ತಾವು ಕಂಡು ಬೆಳೆದ ಚಿತ್ರ ಈಗ ಎಲ್ಲಿದೆ ಎಂದು ಆ ನಗರದ ಒಬ್ಬ ಶಾಲಾ ಹುಡುಗಿ ಕೇಳಿದರೆ ಉತ್ತರ ಹೇಳಲು ಸಾಧ್ಯವಿದೆ, ಮತ್ತು ಬಹಳ ಸಲ ಅವಳು ಬಸ್ಸು ಹತ್ತಿ ಹೋಗಿ ನೋಡುವಷ್ಟು ಹತ್ತಿರದಲ್ಲೇ ಅದು ಇರುತ್ತದೆ.

ನಮ್ಮ ಸಂಗ್ರಹಾಲಯಕ್ಕೂ ಅಂಥ ಗತಿ ಬರುವುದಾದರೆ, ವಸ್ತುಗಳು ಬೆಂಗಳೂರಿನ ಯಾವುದೋ ಉಗ್ರಾಣಕ್ಕೆ ಹೋಗಿ ಸೇರುವ ಮೊದಲು ಜಿಲ್ಲೆಯ ಒಳಗೆ ಜಾಗ ಹುಡುಕಬೇಕು. ಹನ್ನೆರಡು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ಒಣಗಿದ ನಾಲ್ಕು ಕೋಣೆ ಸಿಗುವುದಿಲ್ಲ ಎಂದು ನಾನು ನಂಬುವುದಿಲ್ಲ. ಹಾಗೆ ಹೇಳಲು ಇನ್ನೂ ಒಂದು ಕಾರಣವಿದೆ. ಆ ಸಂಗ್ರಹದಲ್ಲಿ ಕರಾವಳಿಯಿಂದ ಬಂದ ಕೆಲವು ವಸ್ತುಗಳು ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಮನೆಗಳವು ಎಂದು ನೋಡಿಕೊಳ್ಳುತ್ತಿದ್ದವರು ಒಮ್ಮೆ ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದರು. ಆ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಕಾರವಾರ ಮತ್ತು ಅಂಕೋಲೆ ಕಡೆಯ ಸಾವಿರಾರು ಕುಟುಂಬಗಳು ಪುನರ್ವಸತಿ ಕಾಲೊನಿಗಳಿಗೆ ಬಂದವು. ಅವರ ಮನೆಯಿಲ್ಲ, ಅಂಗಳವಿಲ್ಲ, ತುಳಸಿಕಟ್ಟೆಯಿಲ್ಲ. ಆ ಊರಿನದ್ದೆಂದು ಕೈಯಿಂದ ಮುಟ್ಟಬಹುದಾದದ್ದು ಒಂದು ಅಡಿಕೆಪೆಟ್ಟಿಗೆಯೋ ಮರದ ಬೊಂಬೆಯೋ ಸಂಗ್ರಹಾಲಯದಲ್ಲಿ ಇದ್ದರೆ, ಅದನ್ನು ನೋಡುವ ದಾರಿಯನ್ನು ಆ ಕುಟುಂಬಗಳ ಮೊಮ್ಮಕ್ಕಳಿಗೆ ಮುಚ್ಚುವ ಹಕ್ಕು ಯಾರಿಗೂ ಇಲ್ಲ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ವಸ್ತುಗಳ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಪ್ರತಿಯೊಂದರ ಎದುರು ಅದು ಬಂದ ಊರು ಮತ್ತು ಈಗಿರುವ ಜಾಗವನ್ನು ಬರೆದು, ಮುಚ್ಚಿದ ಬಾಗಿಲಿನ ಮೇಲೂ ಆಯಾ ಗ್ರಾಮ ಪಂಚಾಯತಿಯ ಫಲಕದ ಮೇಲೂ ಅಂಟಿಸಲಿ. ಬರೆದವರ, ಹೊಲಿದವರ, ಕೆತ್ತಿದವರ ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಲಿ. ತುಂಬಿಸಿಕೊಡಲು ಊರಿನವರು ಮುಂದೆ ಬರುತ್ತಾರೆ. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಹಳ್ಳಿಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಲಿ, ಆದರೆ ಅಷ್ಟಕ್ಕೇ ಮುಗಿಸದಿರಲಿ, ಏಕೆಂದರೆ ನಮ್ಮ ಘಟ್ಟದ ಕೇರಿಗಳಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು, ಮತ್ತು ಹೆಸರು ಬಲ್ಲ ಅಜ್ಜಿಯರು ಗುಡ್ಡ ಹತ್ತಲಾರರು. ಅವರ ಅಂಗಳಕ್ಕೆ ಯಾರಾದರೂ ಬಂದೇ ಕೂರಬೇಕು. ನನ್ನಂಥ ನಿವೃತ್ತ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ನಮ್ಮಲ್ಲಿ ಹಲವರಿಗೆ ಊರೂರಿನ ದಾರಿಯೂ ಮನೆಮನೆಯ ಗುರುತೂ ಇದೆ. ಕರೆದರೆ ಸಂಬಳವಿಲ್ಲದೆ ಬರೆದುಕೊಳ್ಳುವ ಕೆಲಸಕ್ಕೆ ಬರುತ್ತೇವೆ; ನಾನಂತೂ ಸಿದ್ದಾಪುರ ಮತ್ತು ಶಿರಸಿ ತಾಲ್ಲೂಕಿನ ದೀವರ ಕೇರಿಗಳಿಗೆ ಹೋಗಲು ಸಿದ್ಧಳಿದ್ದೇನೆ.

ಮುಂದಿನ ಭೂಮಿ ಹುಣ್ಣಿಮೆಗೆ ನನ್ನ ಮೊಮ್ಮಗಳು ಮೊದಲ ಸಲ ತಾನೇ ಬುಟ್ಟಿ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಏಣಿ ನಿಲಿಯನ್ನು ನಾನು ಎಳೆದು ತೋರಿಸಬಲ್ಲೆ, ಆದರೆ ಬುಟ್ಟಿಯ ಕಂಠದಲ್ಲಿ ಅಜ್ಜಿ ಸುತ್ತುತ್ತಿದ್ದ ಒಂದು ಪಟ್ಟಿಯ ಎಣಿಕೆ ನನಗೆ ಮರೆತುಹೋಗಿದೆ, ತಾಯಿಗೂ ನೆನಪಿಲ್ಲ. ಅದು ಆ ಬುಟ್ಟಿಯ ಮೇಲೆ ಇದೆ. ಅದನ್ನು ಇಟ್ಟಿರುವ ಜಾಗವನ್ನು ಹೇಳಿದರೆ, ನಾವಿಬ್ಬರೂ ಅಲ್ಲಿಗೇ ಬಂದು, ಮುಟ್ಟದೆ, ದೂರ ನಿಂತು, ಕಾಗದದ ಮೇಲೆ ಗೆರೆ ಎಣಿಸಿಕೊಂಡು ಹೋಗುತ್ತೇವೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ,
ಶಿರಸಿ